ಸಿಹಿ ಬೇರೆ, ಸಕ್ಕರೆ ಬೇರೆ

ಅತಿಥಿಗಳು ಮನೆಗೆ ಬಂದರೆ ಕೈಕಾಲು ತೊಳೆಯಲು ನೀರು, ಆಮೇಲೆ ಒಂದು ಚೂರು ಬೆಲ್ಲದೊಡನೆ ಕುಡಿಯಲು ನೀರು ಕೊಡುವುದು ನಮ್ಮ ನಾಡಿನ ಹಳೆಯ ವಾಡಿಕೆ. ಆ ಬೆಲ್ಲದ ಸ್ಥಾನಕ್ಕೆ ಕಾಫಿ ಬಂದು ಬಹುಕಾಲವಾಯಿತು. ಈಗ ಕಾಫಿಗೂ ಮುಂಚೆ ಒಂದು ಪ್ರಶ್ನೆ ಬರುತ್ತದೆ: "ತಮಗೆ ಸಕ್ಕರೆ ಹಾಕಬಹುದೇ?" ವಿಮಾನಪುರದ ನಮ್ಮ ಬೀದಿಯಲ್ಲಿ ಈ ಪ್ರಶ್ನೆಯನ್ನು ಕೇಳದ ಗೃಹಿಣಿಯಿಲ್ಲ. ಕೆಲವರು "ಬೇಡ" ಎಂದು ಕಹಿ ಕಾಫಿಯನ್ನೇ ಕುಡಿಯುವರು. ಮತ್ತೆ ಕೆಲವರು ಅಂಗಿಯ ಜೇಬಿನಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು, ಅದರ ತಲೆಯನ್ನು ಒತ್ತಿ, ತೊಗರಿಬೇಳೆಗಿಂತ ಸಣ್ಣದಾದ ಒಂದು ಗುಳಿಗೆಯನ್ನು ಲೋಟಕ್ಕೆ ಬೀಳಿಸಿ ಕಲಕಿಕೊಳ್ಳುವರು. ಕಾಫಿ ಸಿಹಿಯಾಗುತ್ತದೆ, ಅದರಲ್ಲಿ ಸಕ್ಕರೆ ಮಾತ್ರ ಇರುವುದಿಲ್ಲ. ಈ ವಿಚಿತ್ರ ಗುಳಿಗೆಯ ಚರಿತ್ರೆಯನ್ನು ಓದುಗರಾದ ತಮ್ಮ ಮುಂದೆ ಇಡಬೇಕೆಂದು ನನಗೆ ಅನ್ನಿಸಿದ್ದಕ್ಕೆ ಒಂದು ಕಾರಣವುಂಟು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಪಕ್ಕದ ಮನೆಯ ಹಿರಿಯರು ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಹಳ ವರ್ಷಗಳಿಂದ ಮಧುಮೇಹದಿಂದ ನರಳುತ್ತಿರುವವರು. ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುವವರು. ಮಾವನವರ ಆರೋಗ್ಯದ ವಿಷಯದಲ್ಲಿ ಬಲು ಎಚ್ಚರವುಳ್ಳ ಸೊಸೆ ಸಕ್ಕರೆ, ಬೆಲ್ಲ, ಜೇನು ಮೂರನ್ನೂ ಮನೆಯಿಂದ ಹೊರಗೆ ಹಾಕಿದ್ದಳು. ಎಲ್ಲರ ಕಾಫಿಗೂ ಗುಳಿಗೆಯೇ. ಒಂದು ಸಂಜೆ ಹಿರಿಯರು ಇನ್ಸುಲಿನ್ ತೆಗೆದುಕೊಂಡ ಮೇಲೆ ಏನೋ ಕಾರಣದಿಂದ ಊಟ ತಡವಾಯಿತು. ಅವರ ಹಣೆಯಲ್ಲಿ ಬೆವರು ಸುರಿಯಿತು, ಕೈ ನಡುಗಿತು, ಮಾತು ತೊದಲಿತು. ಸೊಸೆ ಗೋಡೆಯಾಚೆಯಿಂದ ನನ್ನನ್ನು ಕೂಗಿದಳು. "ಮೇಷ್ಟ್ರೇ, ಮಾವನವರಿಗೆ ಸಕ್ಕರೆ ತೀರ ಇಳಿದ ಹಾಗಿದೆ. ಹೀಗಾದರೆ ಸಿಹಿ ಕೊಡಿ ಅಂತ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಈ ಗುಳಿಗೆ ಬಿಟ್ಟರೆ ಬೇರೆ ಸಿಹಿಯೇ ಇಲ್ಲವಲ್ಲ!"

ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಶಬ್ದಾರ್ಥ ಹೇಳಿಕೊಡುತ್ತಿರುವ ನಾನು, "ಸಿಹಿಯಾದರಾಯಿತಮ್ಮ, ಅದನ್ನೇ ನಾಲ್ಕು ಹೆಚ್ಚು ಹಾಕಿ ಕಲಕಿ ಕೊಡು" ಎಂದುಬಿಟ್ಟೆ. ಹಿರಿಯರು ಕುಡಿದರು. ನೀರು ಬಾಯಿಗೆ ಪಾನಕದಂತಿತ್ತು. ದೇಹಕ್ಕೆ ಬರಿಯ ನೀರಾಗಿತ್ತು. ಹತ್ತು ನಿಮಿಷ ಕಳೆಯಿತು. ನಡುಕ ಹೆಚ್ಚಿತೇ ಹೊರತು ಇಳಿಯಲಿಲ್ಲ. ಅಷ್ಟರಲ್ಲಿ ಕೆಲಸ ಮುಗಿಸಿ ಹಿಂದಿರುಗುತ್ತಿದ್ದ ಎದುರುಮನೆಯ ನರ್ಸಮ್ಮನವರು ಗದ್ದಲ ಕೇಳಿ ಒಳಗೆ ಬಂದರು. ಡಬ್ಬಿಯನ್ನು ನೋಡಿದೊಡನೆ, "ಇದರಲ್ಲಿ ಸಕ್ಕರೆ ಎಲ್ಲಿದೆ ಮೇಷ್ಟ್ರೇ? ಓಡಿಹೋಗಿ ನಿಮ್ಮ ಮನೆಯ ಸಕ್ಕರೆ ಡಬ್ಬಿ ತನ್ನಿ" ಎಂದರು. ನಾಲ್ಕು ಚಮಚ ಸಕ್ಕರೆ ಕದಡಿದ ನೀರು ಹೊಟ್ಟೆಗೆ ಹೋಗಿ ಕಾಲು ಗಂಟೆಯಾಗುವಷ್ಟರಲ್ಲಿ ಹಿರಿಯರು ನಮ್ಮನ್ನು ಗುರುತಿಸಿ ಮಾತನಾಡಿದರು.

ಆ ಸಂಜೆ ನಾನು ಮಾಡಿದ್ದು ಶಬ್ದದ ತಪ್ಪು. ಸಿಹಿ ಎಂದರೂ ಸಕ್ಕರೆ ಎಂದರೂ ಒಂದೇ ಎಂದು ತಿಳಿದದ್ದು. ಸಿಹಿ ಎಂಬುದು ನಾಲಿಗೆಗೆ ಸೇರಿದ ಮಾತು. ಸಕ್ಕರೆ ಎಂಬುದು ನೆತ್ತರಿಗೆ ಸೇರಿದ ಮಾತು. ಮನುಷ್ಯನ ಚರಿತ್ರೆಯ ಬಹುಭಾಗ ಇವೆರಡೂ ಒಂದರೊಡನೊಂದು ಹೆಣೆದುಕೊಂಡೇ ಇದ್ದುವು. ಅವು ಅಗಲಿ ಇನ್ನೂ ಒಂದೂವರೆ ಶತಮಾನವೂ ಆಗಿಲ್ಲ. ನಮ್ಮ ನುಡಿ ಆ ಅಗಲಿಕೆಯನ್ನು ಇನ್ನೂ ಕಲಿತಿಲ್ಲ.

ನುಡಿಯ ಮಾತು ಬಂದುದರಿಂದ ಅಲ್ಲಿಂದಲೇ ಆರಂಭಿಸೋಣ. ಸಂಸ್ಕೃತದ 'ಶರ್ಕರಾ' ಎಂಬ ಶಬ್ದಕ್ಕೆ ಮರಳು, ಹರಳು ಎಂಬ ಅರ್ಥವುಂಟು. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ನಮ್ಮ ದೇಶದಲ್ಲಿ ಬೆಳೆದಾಗ ಆ ಹರಳಿಗೂ ಅದೇ ಹೆಸರಾಯಿತು. ಪ್ರಾಕೃತದ ಬಾಯಲ್ಲಿ ಅದು 'ಸಕ್ಕರಾ' ಆಯಿತು. ಕನ್ನಡದಲ್ಲಿ 'ಸಕ್ಕರೆ' ಎಂಬ ತದ್ಭವವಾಗಿ ನಿಂತಿತು. ಪಡುವಣ ದಿಕ್ಕಿಗೆ ಹೋದ ಅದೇ ಶಬ್ದ ಅರಬರಲ್ಲಿ 'ಸುಕ್ಕರ್' ಎಂದೂ, ಗ್ರೀಕರಲ್ಲಿ 'ಸಾಖರೋನ್' ಎಂದೂ, ಲ್ಯಾಟಿನ್ನಿನಲ್ಲಿ 'ಸಾಖರಮ್' ಎಂದೂ ವೇಷ ಬದಲಿಸಿತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಕ್ಕರೆಯಲ್ಲದ ಒಂದು ಸಿಹಿಗೆ ಹೆಸರಿಡಬೇಕಾದಾಗ ಪಾಶ್ಚಾತ್ಯರು ಆ ಲ್ಯಾಟಿನ್ ಶಬ್ದದಿಂದಲೇ 'ಸ್ಯಾಕರಿನ್' ಎಂದು ಕರೆದರು. ಹೀಗೆ ಸಕ್ಕರೆ ಮತ್ತು ಸ್ಯಾಕರಿನ್ ಹೆಸರಿನಲ್ಲಿ ಒಡಹುಟ್ಟಿದವು. ಗುಣದಲ್ಲಿ ಯಾವ ನಂಟೂ ಇಲ್ಲದವು.

ರೋಗದ ಹೆಸರಿನಲ್ಲಿಯೂ ಸಿಹಿಯೇ ಇದೆ. ಮಧುಮೇಹವೆಂದರೆ ಜೇನಿನಂತೆ ಸಿಹಿಯಾದ ಮೂತ್ರ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಕಂಡು ಬರೆದಿಟ್ಟಿದ್ದಾರೆ. ಸುಶ್ರುತ ಸಂಹಿತೆ ಪ್ರಮೇಹವನ್ನು 'ಸಹಜ' ಮತ್ತು 'ಅಪಥ್ಯನಿಮಿತ್ತ' ಎಂದು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯದು ಹುಟ್ಟಿನೊಡನೆ ಬಂದದ್ದು, ಎರಡನೆಯದು ಪಥ್ಯ ತಪ್ಪಿದ್ದರಿಂದ ಬಂದದ್ದು. ಇಂದಿನ ವೈದ್ಯರು ಹೇಳುವ ಒಂದನೆಯ ಮತ್ತು ಎರಡನೆಯ ಬಗೆಯ ಮಧುಮೇಹಕ್ಕೆ ಇದು ಸಂಪೂರ್ಣವಾಗಿ ಹೊಂದದಿದ್ದರೂ, ರೋಗ ಒಂದೇ ಬಗೆಯದಲ್ಲವೆಂಬ ಅರಿವು ಅಷ್ಟು ಹಿಂದೆಯೇ ಇದ್ದುದು ಗಮನಿಸತಕ್ಕ ವಿಷಯ. ಯೂರೋಪಿನಲ್ಲಿ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯನು ಈ ಸಿಹಿಯನ್ನು ಕುರಿತು ಬರೆದನು. ೧೭೭೬ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ಅದು ಸಕ್ಕರೆಯೇ ಎಂದು ತೋರಿಸಿ, ಮೂತ್ರದಲ್ಲಿ ಮಾತ್ರವಲ್ಲ, ನೆತ್ತರಿನಲ್ಲಿಯೂ ಆ ಸಿಹಿ ಇದೆಯೆಂದು ಹೇಳಿದನು. ರೋಗದ ನೆಲೆ ನೆತ್ತರಿನಲ್ಲಿ ಎಂದು ತಿಳಿದ ಮೇಲೆ, ಸಕ್ಕರೆಯನ್ನು ತಿನ್ನದೆ ಸಿಹಿಯನ್ನು ಉಣ್ಣುವ ಬಗೆಯುಂಟೇ ಎಂಬ ಆಸೆ ರೋಗಿಗಳಲ್ಲಿ ಹುಟ್ಟಿದ್ದು ಸಹಜ.

ಆ ಆಸೆ ಆಕಸ್ಮಿಕವಾಗಿ ಕೈಗೂಡಿತು. ೧೮೭೯ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಐರಾ ರೆಮ್ಸೆನ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞನು ಕಲ್ಲಿದ್ದಲಿನ ಡಾಂಬರಿನಿಂದ ಬರುವ ವಸ್ತುಗಳನ್ನು ಪರೀಕ್ಷಿಸುತ್ತಿದ್ದನು. ಒಂದು ದಿನ ಊಟಕ್ಕೆ ಕುಳಿತಾಗ ಕೈಯಲ್ಲಿದ್ದ ರೊಟ್ಟಿ ವಿಪರೀತ ಸಿಹಿಯಾಗಿತ್ತಂತೆ. ಕೈ ಸರಿಯಾಗಿ ತೊಳೆದಿರಲಿಲ್ಲವೆಂಬುದು ನೆನಪಾಗಿ, ಮತ್ತೆ ಪ್ರಯೋಗಶಾಲೆಗೆ ಓಡಿ, ಅಲ್ಲಿದ್ದ ಪಾತ್ರೆಗಳ ರುಚಿಯನ್ನೆಲ್ಲ ನೋಡಿ ಆ ಸಿಹಿಯ ಮೂಲವನ್ನು ಕಂಡುಹಿಡಿದನೆಂದು ಹೇಳುವರು. ವಿಷವಿದ್ದ ಪಾತ್ರೆಯೊಂದು ನಡುವೆ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು! ಸ್ಯಾಕರಿನ್ ಸಕ್ಕರೆಗಿಂತ ಮುನ್ನೂರು ಪಟ್ಟಿಗೂ ಮಿಗಿಲಾಗಿ ಸಿಹಿ. ದೇಹ ಅದನ್ನು ಅರಗಿಸಿ ಶಕ್ತಿಯಾಗಿ ಬಳಸಲಾರದು. ಬಂದಂತೆಯೇ ಹೊರಗೆ ಕಳುಹಿಸುತ್ತದೆ. ನಾಲಿಗೆಯ ಬೀಗವನ್ನು ತೆರೆಯುವ, ಆದರೆ ಒಳಗೆ ಏನನ್ನೂ ತಂದಿಡದ ಕಳ್ಳ ಕೀಲಿಕೈ ಅದು ಎನ್ನಬಹುದು.

ಮಧುಮೇಹಿಗಳಿಗೆ ಅದು ವರವಾಯಿತು. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುತ್ತಿದ್ದ ಯೂರೋಪಿನ ಸಾಹುಕಾರರಿಗೆ ಶಾಪವಾಯಿತು. ಅವರ ಒತ್ತಾಯಕ್ಕೆ ಮಣಿದು ೧೯೦೨ರಲ್ಲಿ ಜರ್ಮನಿ ಕಾನೂನು ಮಾಡಿ ಸ್ಯಾಕರಿನ್ ಮಾರಾಟವನ್ನು ಔಷಧದಂಗಡಿಗಳಿಗೆ ಸೀಮಿತಗೊಳಿಸಿತು. ಸ್ವಿಟ್ಜರ್ಲೆಂಡಿನಲ್ಲಿ ಅಂಥ ತಡೆಯಿರಲಿಲ್ಲವಾಗಿ ಅಲ್ಲಿಂದ ನೆರೆಯ ದೇಶಗಳಿಗೆ ಸ್ಯಾಕರಿನ್ನಿನ ಕಳ್ಳಸಾಗಣೆ ಜೋರಾಗಿ ನಡೆಯಿತು. ಅಮೆರಿಕದಲ್ಲಿ ಹಾರ್ವೆ ವೈಲಿ ಎಂಬ ಅಧಿಕಾರಿ ಅದನ್ನು ನಿಷೇಧಿಸಲು ಹೊರಟಾಗ, ಸ್ವತಃ ವೈದ್ಯರ ಸಲಹೆಯಂತೆ ಅದನ್ನು ಬಳಸುತ್ತಿದ್ದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು ಸಿಟ್ಟಾಗಿ ಆತನನ್ನು ಗದರಿಸಿದರು. ಕೃತಕ ಸಿಹಿಯ ವಾದವಿವಾದದಲ್ಲಿ ಆರೋಗ್ಯದ ಮಾತು, ವ್ಯಾಪಾರದ ಮಾತು, ನಾಲಿಗೆಯ ಮಾತು ಮೂರೂ ಕಲೆತುಹೋಗುವುದು ಅಂದಿನಿಂದ ಬಂದ ರೂಢಿ.

ಇತ್ತ ನಮ್ಮ ನಾಡಿನಲ್ಲಿ ಬಿಳಿಯ ಸಕ್ಕರೆ ಮನೆಮನೆಗೆ ಬರುವ ಕಾಲವೇ ಇನ್ನೂ ಬಂದಿರಲಿಲ್ಲ. ಹಳ್ಳಿಗಳಲ್ಲಿ ಆಲೆಮನೆಯ ಬೆಲ್ಲ. ಪೇಟೆಗಳಲ್ಲಿ ಜಾವಾ ದ್ವೀಪದಿಂದ ಹಡಗಿನಲ್ಲಿ ಬರುತ್ತಿದ್ದ ಸಕ್ಕರೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಮಂಡ್ಯದ ಸೀಮೆಗೆ ಬಂದ ಮೇಲೆ ಕಬ್ಬಿನ ಬೆಳೆ ಹಬ್ಬಿತು. ಮೈಸೂರು ಸಂಸ್ಥಾನದ ವ್ಯವಸಾಯ ಶಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್‌ಮನ್ನರ ಪ್ರಯತ್ನ ಸೇರಿ ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಏಳು ವರ್ಷಗಳ ತರುವಾಯ, ೧೯೪೦ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನ ಮೂಡಲಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ತೆರೆದರು. ರಾಗಿಯ ಹೊಲಗಳಿದ್ದ ಕಡೆ ವಿಮಾನಪುರ ಎದ್ದಿತು. ಹೊಲಗೆಲಸದವರ ಮಕ್ಕಳು ಗಡಿಯಾರ ನೋಡಿ ದುಡಿಯುವವರಾದರು. ಅವರ ಮಕ್ಕಳು ಕುರ್ಚಿಯಲ್ಲಿ ಕುಳಿತು ದುಡಿಯುವವರಾದರು. ರಾಗಿಮುದ್ದೆಯ ಜಾಗಕ್ಕೆ ಮೂರು ಹೊತ್ತೂ ಅಕ್ಕಿ ಬಂದಿತು. ಹಬ್ಬದ ದಿನದ ಸಿಹಿ ದಿನನಿತ್ಯದ ಸಿಹಿಯಾಯಿತು. ನಮ್ಮ ಬೀದಿಯಲ್ಲಿ ಇಂದು ಕೇಳಿಬರುವ "ಸಕ್ಕರೆ ಹಾಕಬಹುದೇ?" ಎಂಬ ಪ್ರಶ್ನೆಯ ಹಿಂದೆ ಈ ಎರಡು ಮೂರು ತಲೆಮಾರುಗಳ ಬದಲಾವಣೆಯಿದೆ. ಇದು ನಮ್ಮ ಬೀದಿಯ ಕಥೆ ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ದೇಶಾದ್ಯಂತ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು ೧೦ ಕೋಟಿ ೧೦ ಲಕ್ಷ.

ಇನ್ಸುಲಿನ್ನಿನ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ೧೯೨೧ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಅದನ್ನು ಬೇರ್ಪಡಿಸಿದರು. ೧೯೨೨ರ ಜನವರಿಯಲ್ಲಿ ಒಬ್ಬ ಬಾಲಕನಿಗೆ ಮೊದಲ ಸಲ ಕೊಟ್ಟರು. ಅಲ್ಲಿಯವರೆಗೆ ಮಧುಮೇಹಿಗೆ ಇದ್ದ ಭಯ ನೆತ್ತರಿನ ಸಕ್ಕರೆ ಏರುವುದೊಂದೇ. ಇನ್ಸುಲಿನ್ ಬಂದು ಲಕ್ಷಾಂತರ ಜನರ ಪ್ರಾಣವನ್ನು ಉಳಿಸಿತು. ಅದರ ಜೊತೆಯಲ್ಲಿ ಸಕ್ಕರೆ ತೀರ ಇಳಿದುಬಿಡುವ ಹೊಸ ಭಯವನ್ನೂ ತಂದಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೇ ೨೦೦೪ರಲ್ಲಿ ಯೀಸ್ಟಿನ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇನ್ಸುಲಿನ್ ಇರುವ ಮನೆಯಲ್ಲಿ ಸಕ್ಕರೆ ಶತ್ರುವೂ ಹೌದು, ಆಪತ್ಕಾಲದ ಮಿತ್ರನೂ ಹೌದು. ಕೃತಕ ಸಿಹಿಯಾದರೋ ಆ ಮಿತ್ರನ ವೇಷವನ್ನು ತೊಡಬಲ್ಲುದು, ಕೆಲಸವನ್ನು ಮಾಡಲಾರದು. ಇದನ್ನೇ ನಾನು ಆ ಸಂಜೆ ತಿಳಿಯದೆ ಹೋದದ್ದು.

ಸ್ಯಾಕರಿನ್ನಿನ ಬಳಿಕ ಅದರ ತಮ್ಮಂದಿರು ಒಬ್ಬೊಬ್ಬರಾಗಿ ಬಂದರು. ಬಂದದ್ದೆಲ್ಲ ಆಕಸ್ಮಿಕವೇ ಎಂಬುದು ಸೋಜಿಗ. ೧೯೩೭ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮೈಕೇಲ್ ಸ್ವೇಡಾ ಮೇಜಿನ ಮೇಲಿಟ್ಟಿದ್ದ ಸಿಗರೇಟನ್ನು ಮತ್ತೆ ತುಟಿಗಿಟ್ಟಾಗ ಅದು ಸಿಹಿಯಾಗಿತ್ತು, ಸೈಕ್ಲಮೇಟ್ ದೊರೆಯಿತು. ೧೯೬೫ರಲ್ಲಿ ಹೊಟ್ಟೆಹುಣ್ಣಿನ ಔಷಧವನ್ನು ಹುಡುಕುತ್ತಿದ್ದ ಜೇಮ್ಸ್ ಶ್ಲಾಟರ್ ಕಾಗದವೊಂದನ್ನು ಎತ್ತಲು ಬೆರಳನ್ನು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. ೧೯೭೬ರಲ್ಲಿ ಲಂಡನ್ನಿನಲ್ಲಿ ಲೆಸ್ಲಿ ಹಫ್ ಎಂಬ ಪ್ರಾಧ್ಯಾಪಕರ ಬಳಿ ಕೆಲಸ ಮಾಡುತ್ತಿದ್ದ ನಮ್ಮ ದೇಶದವರೇ ಆದ ಶಶಿಕಾಂತ ಫಡ್ನಿಸರಿಗೆ ಒಂದು ವಸ್ತುವನ್ನು 'ಟೆಸ್ಟ್' ಮಾಡಲು ಹೇಳಿದರಂತೆ. ಅದು ಅವರ ಕಿವಿಗೆ 'ಟೇಸ್ಟ್' ಎಂದು ಕೇಳಿಸಿತು! ಪರೀಕ್ಷಿಸೆಂದರೆ ಅವರು ರುಚಿ ನೋಡಿದರು. ಅದೇ ಸುಕ್ರಲೋಸ್, ಸಕ್ಕರೆಗಿಂತ ಸುಮಾರು ಆರುನೂರು ಪಟ್ಟು ಸಿಹಿ. ಒಂದು ಸ್ವರದ ವ್ಯತ್ಯಾಸದಿಂದ ಎಷ್ಟು ದೊಡ್ಡ ವ್ಯಾಪಾರ ಹುಟ್ಟೀತೆಂಬುದನ್ನು ವ್ಯಾಕರಣ ಕಲಿಯಲು ಬೇಸರಪಡುವ ಹುಡುಗರಿಗೆ ನಾನು ತಪ್ಪದೆ ಹೇಳುತ್ತೇನೆ. ಇವುಗಳ ಜೊತೆಗೆ ಪರಗ್ವೆ ದೇಶದ ಗ್ವಾರಾನಿ ಜನ ಬಹುಕಾಲದಿಂದ ಬಳಸುತ್ತಿದ್ದ ಸ್ಟೀವಿಯಾ ಎಂಬ ಎಲೆಯ ಸಾರವೂ ಸೇರಿತು. ನಮ್ಮ ದೇಶದಲ್ಲಿ ಅದನ್ನು ಆಹಾರದಲ್ಲಿ ಬಳಸಲು ೨೦೧೫ರಲ್ಲಿ ಅನುಮತಿ ದೊರೆಯಿತು.

ಇವು ನಿರಪಾಯಕರವೇ ಎಂಬ ಪ್ರಶ್ನೆ ಬೆನ್ನಹಿಂದೆಯೇ ಬಂದಿತು. ಇಲಿಗಳಲ್ಲಿ ಮೂತ್ರಕೋಶದ ಗೆಡ್ಡೆ ಕಂಡಿತೆಂದು ೧೯೬೯ರಲ್ಲಿ ಅಮೆರಿಕ ಸೈಕ್ಲಮೇಟಿಗೆ ನಿಷೇಧ ಹೇಳಿತು. ೧೯೭೭ರಲ್ಲಿ ಸ್ಯಾಕರಿನ್ನಿಗೂ ಅದೇ ಗತಿ ಬರುವುದರಲ್ಲಿತ್ತು. ಆಗ ಅಲ್ಲಿ ಅದೊಂದೇ ಉಳಿದಿದ್ದ ಕೃತಕ ಸಿಹಿ. ಮಧುಮೇಹಿಗಳೂ ಅವರ ಮನೆಯವರೂ ರಾಶಿರಾಶಿಯಾಗಿ ಪತ್ರ ಬರೆದು ಪ್ರತಿಭಟಿಸಿದರು. ಶಾಸನಸಭೆ ನಿಷೇಧವನ್ನು ತಡೆಹಿಡಿದು, ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತನ್ನು ಮುದ್ರಿಸುವಂತೆ ವಿಧಿಸಿತು. ಗಂಡು ಇಲಿಯ ಮೂತ್ರದ ವಿಶೇಷ ಗುಣದಿಂದ ಆ ಗೆಡ್ಡೆ ಬರುವುದೆಂದೂ ಮನುಷ್ಯರಿಗೆ ಅದು ಅನ್ವಯಿಸದೆಂದೂ ಮುಂದೆ ತಿಳಿದುಬಂದು ೨೦೦೦ದಲ್ಲಿ ಆ ಎಚ್ಚರಿಕೆಯನ್ನು ತೆಗೆದುಹಾಕಿದರು. ಇಲ್ಲಿ ಒಂದು ಮಾತು ಮಧುಮೇಹಿಗಳಿಗೆ ಸಲ್ಲಬೇಕಾದದ್ದು. ಸ್ಯಾಕರಿನ್ನನ್ನು ಜೀವಮಾನವೆಲ್ಲ ಬಳಸಿದವರು ಅವರೇ ಆದ್ದರಿಂದ, ಧೂಮಪಾನದ ಕೇಡನ್ನು ಜಗತ್ತಿಗೆ ತೋರಿಸಿಕೊಟ್ಟ ರಿಚರ್ಡ್ ಡಾಲ್ ಮತ್ತು ಅವರ ಸಹೋದ್ಯೋಗಿ ಆರ್ಮ್‌ಸ್ಟ್ರಾಂಗ್ ೧೯೭೫ರಲ್ಲಿ ಬ್ರಿಟನ್ನಿನ ಮಧುಮೇಹಿಗಳ ಮರಣದ ದಾಖಲೆಗಳನ್ನು ಪರಿಶೀಲಿಸಿದರು. ಮೂತ್ರಕೋಶದ ಕ್ಯಾನ್ಸರ್ ಅವರಲ್ಲಿ ಹೆಚ್ಚಾಗಿ ಕಾಣಲಿಲ್ಲ. ಇಡಿಯ ಲೋಕದ ಸಂಶಯಕ್ಕೆ ರೋಗಿಗಳ ಬದುಕೇ ಸಾಕ್ಷಿ ನುಡಿಯಿತು.

ಹಾಗೆಂದು ವಿಚಾರಣೆ ಮುಗಿಯಿತೆನ್ನುವಂತಿಲ್ಲ. ೨೦೨೩ರಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಆಸ್ಪರ್ಟೇಮನ್ನು 'ಕ್ಯಾನ್ಸರಿಗೆ ಕಾರಣವಾಗಬಹುದಾದ' ವಸ್ತುಗಳ ಪಟ್ಟಿಗೆ ಸೇರಿಸಿತು. ಆದರೆ ಅದೇ ವೇಳೆಗೆ ಆಹಾರದ ಬೆರಕೆವಸ್ತುಗಳನ್ನು ಪರಿಶೀಲಿಸುವ ತಜ್ಞರ ಸಮಿತಿ, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೪೦ ಮಿಲಿಗ್ರಾಮ್ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದಿತು. ೭೦ ಕಿಲೋ ತೂಕದವರು ಆ ಮಿತಿಯನ್ನು ಮೀರಬೇಕಾದರೆ ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಡಬ್ಬಿಗೂ ಹೆಚ್ಚು ಸಕ್ಕರೆರಹಿತ ಪಾನೀಯ ಕುಡಿಯಬೇಕಾಗುವುದಂತೆ. ಹುಟ್ಟಿನಿಂದಲೇ ಫಿನೈಲ್‌ಕೀಟೋನೂರಿಯ ಎಂಬ ಅಪರೂಪದ ರೋಗವಿರುವವರು ಮಾತ್ರ ಆಸ್ಪರ್ಟೇಮನ್ನು ಮುಟ್ಟಲೇಬಾರದು. ಇನ್ನೊಂದು ಸಂಗತಿ: ೨೦೨೨ರಲ್ಲಿ ಇಸ್ರೇಲಿನಲ್ಲಿ ರೋಗವಿಲ್ಲದ ೧೨೦ ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಸ್ಯಾಕರಿನ್ ಮತ್ತು ಸುಕ್ರಲೋಸ್ ಎರಡು ವಾರಗಳಲ್ಲಿಯೇ ಕರುಳಿನ ಸೂಕ್ಷ್ಮಜೀವಿಗಳಲ್ಲಿ ಬದಲಾವಣೆ ತಂದು, ದೇಹ ಸಕ್ಕರೆಯನ್ನು ನಿಭಾಯಿಸುವ ರೀತಿಯನ್ನು ತುಸು ಕೆಡಿಸಿದುದು ಕಂಡುಬಂದಿತು. ಪರಿಣಾಮ ಎಲ್ಲರಲ್ಲಿಯೂ ಒಂದೇ ತೆರನಾಗಿರಲಿಲ್ಲ.

ಮಧುಮೇಹಿಗಳಿಗೆ ಇದರಿಂದ ಲಾಭವೆಷ್ಟು? ಈ ಪ್ರಶ್ನೆಗೆ ನಮ್ಮ ನೆರೆಯ ಚೆನ್ನೈಯಿಂದಲೇ ಒಂದು ಉತ್ತರ ಬಂದಿದೆ. ೨೦೨೪ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲ್ಲಿಯ ವೈದ್ಯರು ಎರಡನೆಯ ಬಗೆಯ ಮಧುಮೇಹವಿದ್ದವರ ಕಾಫಿ, ಚಹಾಗಳಲ್ಲಿ ಸಕ್ಕರೆಯ ಬದಲು ಸುಕ್ರಲೋಸ್ ಹಾಕಿಸಿ ಹನ್ನೆರಡು ವಾರ ಗಮನಿಸಿದರು. ನೆತ್ತರಿನ ಸಕ್ಕರೆಯ ಮೂರು ತಿಂಗಳ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೂಕವೂ ಸೊಂಟದ ಸುತ್ತಳತೆಯೂ ಸ್ವಲ್ಪಮಟ್ಟಿಗೆ ಇಳಿದುವು. ಎಂದರೆ ಗುಳಿಗೆ ಕೇಡು ಮಾಡಲಿಲ್ಲ, ಪವಾಡವನ್ನೂ ಮಾಡಲಿಲ್ಲ. ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸುವುದಕ್ಕೆಂದು ಇಂಥ ಸಿಹಿಗಳನ್ನು ಬಳಸಬೇಡಿರೆಂದು ಸಲಹೆಯಿತ್ತಿತು. ಆದರೆ ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಸುದ್ದಿಯ ಮೊದಲ ಅರ್ಧವನ್ನು ಮಾತ್ರ ಓದಿ ಗಾಬರಿಪಟ್ಟವರು ಬಹಳ.

ಇನ್ನು ಅಡಿಗೆಮನೆಯ ಮಾತು. ದೀಪಾವಳಿಯಲ್ಲಿ 'ಸಕ್ಕರೆರಹಿತ' ಎಂಬ ಚೀಟಿ ಅಂಟಿಸಿದ ಮಿಠಾಯಿಗಳು ಅಂಗಡಿಯಲ್ಲಿ ಸಾಲಾಗಿ ಕುಳಿತಿರುತ್ತವೆ. ಆ ಮೈಸೂರುಪಾಕಿನಲ್ಲಿ ಸಕ್ಕರೆ ಇಲ್ಲದಿರಬಹುದು. ಕಡಲೆಹಿಟ್ಟು ಎಲ್ಲಿ ಹೋಯಿತು, ತುಪ್ಪ ಎಲ್ಲಿ ಹೋಯಿತು? ಹಿಟ್ಟು ಹೊಟ್ಟೆಯಲ್ಲಿ ಸಕ್ಕರೆಯೇ ಆಗುವುದು. ಗುಳಿಗೆ ಹಾಕಿದ ಕಾಫಿ ಕುಡಿದೆನೆಂಬ ಧೈರ್ಯದಿಂದ ಎರಡು ಇಡ್ಲಿ ಹೆಚ್ಚು ತಿಂದವರ ಲೆಕ್ಕವೂ ಹೀಗೆಯೇ. ಕೆಲವು ತಿನಿಸುಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬವು ಇರುತ್ತವೆ; ಅವು ಸ್ವಲ್ಪಮಟ್ಟಿಗೆ ಸಕ್ಕರೆಯನ್ನು ಏರಿಸುವುದೂ ಉಂಟು, ಹೆಚ್ಚಾದರೆ ಹೊಟ್ಟೆ ಕೆಡಿಸುವುದೂ ಉಂಟು. ಇನ್ನು ಕೆಲವರು ರಾಸಾಯನಿಕವೇ ಬೇಡವೆಂದು ಬೆಲ್ಲಕ್ಕೂ ಜೇನಿಗೂ ಶರಣಾಗುವರು. ಬಣ್ಣ ಕಂದಾದ ಮಾತ್ರಕ್ಕೆ ಬೆಲ್ಲ ನೆತ್ತರಿನಲ್ಲಿ ಬೇರೆ ನಡತೆ ತೋರದು. ಆಸ್ಪರ್ಟೇಮನ್ನು ಒಲೆಯ ಮೇಲೆ ಬಹಳ ಹೊತ್ತು ಕುದಿಸಿದರೆ ಅದರ ಸಿಹಿ ಹೋಗುವುದರಿಂದ ಪಾಯಸಕ್ಕೆ ಅದು ಒದಗದು. ಆದಕಾರಣ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಒಳ್ಳೆಯದು. ಕನ್ನಡಕ ಹಾಕಿಕೊಂಡಾದರೂ ಓದಬೇಕು.

ಓದುಗರೇ, ಕೃತಕ ಸಿಹಿಯನ್ನು ನಾನು ದೂಷಿಸುವವನಲ್ಲ. ಬಾಳಿನಲ್ಲಿ ಸಿಹಿಯೇ ಬೇಡವೆಂದು ವಿಧಿಸಿಕೊಂಡವರಿಗೆ ಅದು ಕೊಟ್ಟಿರುವ ನೆಮ್ಮದಿ ಸಣ್ಣದಲ್ಲ. ಅತಿಥಿಗಳ ನಡುವೆ ಕುಳಿತು ತಾವೂ ಒಂದು ಲೋಟ ಸಿಹಿ ಕಾಫಿ ಕುಡಿಯುವ ಸಂತೋಷವನ್ನು ರೋಗಿಯಿಂದ ಕಿತ್ತುಕೊಳ್ಳಲು ನಾವಾರು? ಮಿತವಾಗಿ, ವೈದ್ಯರನ್ನು ಕೇಳಿ, ಬಳಸಿಕೊಳ್ಳಲಿ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಔಷಧ ಇರುವ ಮನೆಯಲ್ಲಿ ನಿಜವಾದ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಕೈಗೆ ಸಿಗುವಂತಿರಲಿ. ಬೆವರು, ನಡುಕ, ತಡೆಯಲಾರದ ಹಸಿವು, ಮಾತಿನ ತಡವರಿಕೆ ಕಂಡರೆ, ಪ್ರಜ್ಞೆಯಿದ್ದು ನುಂಗಬಲ್ಲವರಿಗೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿರಿ. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮೊನ್ನೆ ಪಕ್ಕದ ಮನೆಗೆ ಹೋಗಿದ್ದೆ. ಅಡಿಗೆಮನೆಯ ಗೂಡಿನಲ್ಲಿ ಎರಡು ಡಬ್ಬಿಗಳಿದ್ದುವು. ಎರಡಕ್ಕೂ ಆ ಸೊಸೆ ತನ್ನ ಕೈಬರಹದ ಚೀಟಿ ಅಂಟಿಸಿದ್ದಳು. ಸಣ್ಣದರ ಮೇಲೆ 'ಸಿಹಿ' ಎಂದಿತ್ತು. ದೊಡ್ಡದರ ಮೇಲೆ 'ಸಕ್ಕರೆ: ಮಾವನವರಿಗೆ ನಡುಕ ಬಂದರೆ' ಎಂದಿತ್ತು. "ಸರಿಯಾಗಿದೆಯೇ ಮೇಷ್ಟ್ರೇ?" ಎಂದು ಕೇಳಿದಳು. ತಿದ್ದಲು ನನಗೆ ಒಂದಕ್ಷರವೂ ಸಿಗಲಿಲ್ಲ.